ತಳದಲ್ಲಿ ಹೆಸರು ಬರೆದ ಪಾತ್ರೆ

ಮಿನ್ನೆಸೋಟ ರಾಜ್ಯದ ದಕ್ಷಿಣ ಭಾಗದಲ್ಲಿ, ಮೆಂಕೇಟೊ ನಗರದಿಂದ ಕಾರಿನಲ್ಲಿ ಅರ್ಧ ಗಂಟೆಯ ದೂರದಲ್ಲಿರುವ ಪುಟ್ಟ ಊರೊಂದಕ್ಕೆ ನಾನು ಬಂದಿಳಿದದ್ದು 2005ರ ಶರತ್ಕಾಲದಲ್ಲಿ. ಊರನ್ನು ಮೆಚ್ಚಿ ಬಂದವಳಲ್ಲ. ಜೆ-1 ವೀಸಾದ ಮೇಲೆ ಅಮೆರಿಕದಲ್ಲಿ ತರಬೇತಿ ಪಡೆದ ವಿದೇಶಿ ವೈದ್ಯರು ಎರಡು ವರ್ಷ ಸ್ವದೇಶಕ್ಕೆ ಮರಳಬೇಕು, ಇಲ್ಲವೇ ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಮೂರು ವರ್ಷ ಸೇವೆ ಸಲ್ಲಿಸಬೇಕು ಎಂಬುದು ಇಲ್ಲಿನ ನಿಯಮ. ದಾವಣಗೆರೆಯಲ್ಲಿ ಎಂಬಿಬಿಎಸ್, ಹುಬ್ಬಳ್ಳಿಯಲ್ಲಿ ಎಂ.ಡಿ., ಆ ಬಳಿಕ ಶಿಕಾಗೊದಲ್ಲಿ ಮತ್ತೊಮ್ಮೆ ಮೂರು ವರ್ಷದ ರೆಸಿಡೆನ್ಸಿ ಮುಗಿಸಿದ್ದ ನನ್ನ ಪಾಲಿಗೆ ಈ ಮೆಕ್ಕೆಜೋಳದ ಬಯಲುಸೀಮೆ ಬಂತು. ಮೂರು ವರ್ಷ ಕಳೆದು ಹೊರಟುಬಿಡುವುದೆಂದು ನಾನೂ ನನ್ನ ಯಜಮಾನರೂ ಕೆಲವು ಪೆಟ್ಟಿಗೆಗಳನ್ನು ಬಿಚ್ಚದೆಯೇ ಇಟ್ಟಿದ್ದೆವು. ಇಪ್ಪತ್ತು ವರ್ಷವಾಯಿತು.

ನಾನು ಹೇಳಹೊರಟಿರುವುದು ಆ ಇಪ್ಪತ್ತು ವರ್ಷವೂ ಕ್ಲಿನಿಕ್ಕಿನಲ್ಲಿ ನನ್ನ ಜತೆಗೆ ದುಡಿದ ಒಬ್ಬ ನರ್ಸ್ ಕುರಿತು. ಬರೆಯುವುದಕ್ಕೆ ಆಕೆಯ ಒಪ್ಪಿಗೆ ಪಡೆದಿದ್ದೇನೆ. ಹೆಸರು ಮಾತ್ರ ಬೇಡವೆಂದಳು. ಕನ್ನಡದಲ್ಲಿ ಬರೆಯುತ್ತೇನೆ ಎಂದಾಗ, "ಒಳ್ಳೆಯದಾಯಿತು, ನಮ್ಮ ಅತ್ತೆಗೆ ಓದಲು ಬರುವುದಿಲ್ಲ" ಎಂದು ನಕ್ಕಳು. ಮನೆಯಲ್ಲಿ ನಾವು ಆಕೆಯನ್ನು ನರ್ಸಮ್ಮ ಎಂದೇ ಕರೆಯುತ್ತ ಬಂದಿದ್ದೇವೆ. ಇಲ್ಲಿಯೂ ಹಾಗೆಯೇ ಇರಲಿ.

ನರ್ಸಮ್ಮ ನಾರ್ವೆಯಿಂದ ಬಂದು ನೆಲೆಸಿದವರ ವಂಶದವಳು, ಗಂಡ ಜರ್ಮನ್ ಮೂಲದ ರೈತ. ಮೆಕ್ಕೆಜೋಳ, ಸೋಯಾ ಅವರ ಬೆಳೆ. ನಾಲ್ಕು ಮಕ್ಕಳು. ಮನೆಯಿಂದ ಎರಡು ಮೈಲಿ ದೂರದಲ್ಲಿ ಲೂಥರನ್ ಚರ್ಚು. ವಾರಕ್ಕೆ ನಾಲ್ಕು ದಿನ ಕ್ಲಿನಿಕ್ಕು, ಉಳಿದ ಹೊತ್ತು ಹೊಲ, ಮಕ್ಕಳ ಹಾಕಿ ಪಂದ್ಯ, ಭಾನುವಾರದ ಸಂಡೇ ಸ್ಕೂಲು. ನಾನು ಬಂದ ಮೊದಲ ವಾರವೇ ಆಕೆ ನಮ್ಮ ಬಾಗಿಲಿಗೆ ಒಂದು ಗಾಜಿನ ಟ್ರೇ ತಂದಿಟ್ಟಳು. ಮೇಲೆ ಟೇಟರ್ ಟಾಟ್ಸ್ ಎಂಬ ಆಲೂಗಡ್ಡೆಯ ಪುಟ್ಟ ಉರುಳೆಗಳ ಸಾಲು, ಅಡಿಯಲ್ಲಿ ಹಸಿರು ಹುರುಳಿಕಾಯಿ, ನಡುವೆ ಬೂದುಬಣ್ಣದ ಗಟ್ಟಿ ಸಾರಿನಂಥದ್ದು. ಅದಕ್ಕೂ ಅಡಿಯಲ್ಲಿ ದನದ ಮಾಂಸದ ಪುಡಿ. ನಾವು ಲಿಂಗಾಯತರು, ಮಾಂಸ ಮುಟ್ಟುವವರಲ್ಲ. ಆಕೆಗೆ ಅದು ಗೊತ್ತಿರಲಿಲ್ಲ, ಹೇಳಲು ನನಗೆ ಬಾಯಿ ಬರಲಿಲ್ಲ. ಆ ಟ್ರೇಯನ್ನು ಪಕ್ಕದ ಮನೆಯ ಮುದುಕ ದಂಪತಿಗಳಿಗೆ ದಾಟಿಸಿದೆ. ಅವರು ಅದನ್ನು ಆಕೆಗೇ ಹೇಳಿ ಹೊಗಳಿದರು. ಸಣ್ಣ ಊರು!

ಹೀಗೆ ನಮ್ಮ ಪರಿಚಯ ನನ್ನ ಕ್ಷಮಾಪಣೆಯಿಂದಲೇ ಶುರುವಾಯಿತು.

ಈ ತಿನಿಸಿಗೆ ಇಲ್ಲಿ ಹಾಟ್‌ಡಿಶ್ ಎನ್ನುತ್ತಾರೆ. ಅಮೆರಿಕದ ಬೇರೆಡೆ ಕ್ಯಾಸರೋಲ್ ಎಂದು ಕರೆಯುವುದನ್ನೇ ಮಿನ್ನೆಸೋಟದವರು ಹಟದಿಂದ ಹಾಟ್‌ಡಿಶ್ ಎನ್ನುವರು. ಈ ಹೆಸರಿನಲ್ಲಿ ಅಚ್ಚಾದ ಅತ್ಯಂತ ಹಳೆಯ ಪಾಕವಿಧಾನವೆಂದು ಎಲ್ಲರೂ ಬೊಟ್ಟುಮಾಡುವುದು 1930ರಲ್ಲಿ ಮೆಂಕೇಟೊದ ಗ್ರೇಸ್ ಲೂಥರನ್ ಚರ್ಚಿನ ಮಹಿಳಾ ಸಂಘದವರು ಹೊರತಂದ ಅಡುಗೆ ಪುಸ್ತಕವನ್ನು. ಆರ್ಥಿಕ ಕುಸಿತದ ಕಾಲವದು. ತುಸು ಮಾಂಸಕ್ಕೆ ಈರುಳ್ಳಿ, ಡಬ್ಬದ ಬಟಾಣಿ, ಡಬ್ಬದ ಸೂಪ್, ಪಾಸ್ತಾ ಸೇರಿಸಿ ಹತ್ತು ಜನರ ಹೊಟ್ಟೆ ತುಂಬಿಸುವ ಉಪಾಯ. 1934ರಲ್ಲಿ ಕ್ಯಾಂಬೆಲ್ ಕಂಪನಿಯ ಕ್ರೀಮ್ ಆಫ್ ಮಶ್ರೂಮ್ ಸೂಪ್ ಮಾರುಕಟ್ಟೆಗೆ ಬಂದ ಮೇಲೆ ಅದೇ ಎಲ್ಲಕ್ಕೂ ಮೂಲದ್ರವ್ಯವಾಯಿತು. ಊರವರು ತಮಾಷೆಗೆ ಅದನ್ನು "ಲೂಥರನ್ ಅಂಟು" ಎನ್ನುತ್ತಾರೆ. ಎಲ್ಲವನ್ನೂ ಹಿಡಿದಿಡುವುದು ಅದೇ ತಾನೆ.

ವೈದ್ಯಳಾಗಿ ನಾನಿಲ್ಲಿ ಒಂದು ಮಾತು ಹೇಳದಿದ್ದರೆ ತಪ್ಪಾದೀತು. ಆ ಸೂಪಿನ ಒಂದು ಮಾಮೂಲಿ ಡಬ್ಬದಲ್ಲಿ ಸುಮಾರು 2000 ಮಿಲಿಗ್ರಾಂ ಸೋಡಿಯಂ ಇರುತ್ತದೆ. ವಯಸ್ಕರೊಬ್ಬರಿಗೆ ಇಡೀ ದಿನಕ್ಕೆ ಹೇಳುವ ಮಿತಿಯೇ 2300. ಬಂದ ಹೊಸದರಲ್ಲಿ ಉತ್ಸಾಹದಿಂದ ಚರ್ಚಿನ ನೆಲಮಾಳಿಗೆಯಲ್ಲಿ ರಕ್ತದೊತ್ತಡದ ಬಗ್ಗೆ ಒಂದು ಉಪನ್ಯಾಸ ಮಾಡಿದೆ. ಅಜ್ಜಿಯರು ತಲೆದೂಗಿ ಕೇಳಿದರು, ಚಪ್ಪಾಳೆ ತಟ್ಟಿದರು, ಆಮೇಲೆ ಪರದೆ ಸರಿಸಿ ಏಳು ಬಗೆಯ ಹಾಟ್‌ಡಿಶ್ ಬಡಿಸಿದರು. ಹಪ್ಪಳ, ಸಂಡಿಗೆ, ಉಪ್ಪಿನಕಾಯಿಯ ನಾಡಿನಿಂದ ಬಂದವಳಿಗೆ ಅದಕ್ಕಿಂತ ಹೆಚ್ಚು ಮಾತಾಡುವ ಅಧಿಕಾರವಿರಲಿಲ್ಲವೆನ್ನಿ.

ಆಗ ನನ್ನ ಮನಸ್ಸಿನಲ್ಲಿ ಈ ಅಡುಗೆಯ ಬಗ್ಗೆ ತಾತ್ಸಾರವೇ ಇತ್ತು. ಡಬ್ಬ ತೆರೆದು, ಟ್ರೇಗೆ ಸುರಿದು, 350 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಒಂದು ಗಂಟೆ ಒಲೆಯೊಳಗೆ ಇಟ್ಟರೆ ಅದೂ ಒಂದು ಅಡುಗೆಯೇ? ನಮ್ಮ ಅವ್ವ ಬೆಳಗಿನ ಐದಕ್ಕೆ ಎದ್ದು, ಮಿಂದು, ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಬೆವರಿಗೆ ಕರಗುವ ತನಕ ರೊಟ್ಟಿ ಬಡಿಯುತ್ತಿದ್ದಳು. ಅದು ಅಡುಗೆ. ಹಾಗೆಂದುಕೊಳ್ಳುತ್ತಿದ್ದ ನಾನು ಮಾತ್ರ ಸಂಜೆ ಏಳಕ್ಕೆ ಮನೆ ಸೇರಿ, ಮೆಂಕೇಟೊದಿಂದ ತಂದಿಟ್ಟ ಫ್ರೋಜನ್ ಪರಾಠಾ ಬಿಸಿಮಾಡಿ, ಟೀವಿಯ ಮುಂದೆ ಕೂತ ಮಗಳ ಕೈಗೆ ತಟ್ಟೆ ಕೊಡುತ್ತಿದ್ದೆ.

ತಾತ್ಸಾರ ಕರಗಿದ್ದು ಮಗಳಿಂದ. ಆಕೆಯ ಹಿರಿಯ ಮಗಳೂ ನನ್ನವಳೂ ಒಂದೇ ತರಗತಿ. ನನಗೆ ರಾತ್ರಿಯ ಕರೆ ಇದ್ದಾಗ, ಯಜಮಾನರು ಕೆಲಸದ ಮೇಲೆ ಮಿನಿಯಾಪೊಲಿಸ್‌ಗೆ ಹೋದಾಗ, ಶಾಲೆಯ ಬಸ್ಸಿನಿಂದ ಮಗು ನೇರವಾಗಿ ನರ್ಸಮ್ಮನ ಮನೆಯಲ್ಲೇ ಇಳಿಯುತ್ತಿತ್ತು. ಕರೆದುಕೊಂಡು ಬರಲು ಹೋಗಿ ಹೋಗಿ ನಾನು ಆ ಅಡುಗೆಮನೆಯನ್ನು ಹತ್ತಿರದಿಂದ ಕಂಡೆ.

ಆಕೆ ಏಳುತ್ತಿದ್ದುದು ಬೆಳಗಿನ ಮುಕ್ಕಾಲು ಐದಕ್ಕೆ. ಮೊದಲು ಕಾಫಿ. ಅಡುಗೆಮನೆಯ ಮೇಜಿನ ಮೂಲೆಯಲ್ಲಿ ಹತ್ತು ನಿಮಿಷ ಬೈಬಲ್. "ಹತ್ತು ನಿಮಿಷ ಎಂದರೆ ಕೊನೆಯ ಮಗು ಎದ್ದು ಬರುವ ತನಕ, ಕೆಲವೊಮ್ಮೆ ಎರಡು ವಾಕ್ಯ" ಎನ್ನುತ್ತಿದ್ದಳು. ಆಮೇಲೆ ನಾಲ್ಕು ಊಟದ ಡಬ್ಬಿ, ಸ್ಲೋ ಕುಕ್ಕರಿಗೆ ಸಂಜೆಯ ಸಾಮಾನು. ನೆಲಮಾಳಿಗೆಯಲ್ಲಿ ಶವಪೆಟ್ಟಿಗೆಯಷ್ಟು ಉದ್ದದ ಒಂದು ಫ್ರೀಜರ್. ಹೋಲಿಕೆ ನನ್ನದಲ್ಲ, ಆಕೆಯದೇ. ಅದರಲ್ಲಿ ನೆರೆಯ ರೈತನಿಂದ ಕೊಂಡ ಅರ್ಧ ದನದ ಮಾಂಸ, ನವೆಂಬರ್ ಬೇಟೆಯ ಋತುವಿನಲ್ಲಿ ಗಂಡ ಹೊಡೆದು ತಂದ ಜಿಂಕೆ, ಆಗಸ್ಟಿನಲ್ಲಿ ಇಡೀ ಮನೆ ಕೂತು ತೆನೆಯಿಂದ ಬಿಡಿಸಿದ ಎಳೆಜೋಳದ ಚೀಲಗಳು. ಮುಚ್ಚಳದ ಮೇಲೆ ಪಟ್ಟಿ. ಏನು ತೆಗೆದರೂ ಒಂದು ಗೀಟು.

ಸೋಮವಾರ ಪಾಸ್ತಾ, ಮಂಗಳವಾರ ಹಾಟ್‌ಡಿಶ್, ಗುರುವಾರ ಉಳಿದುದರ ವಿಲೇವಾರಿ. ಬುಧವಾರ ಅಡುಗೆಯೇ ಇಲ್ಲ, ಏಕೆಂದರೆ ಅಂದು ಚರ್ಚಿನ ಸಂಜೆ. ನಮ್ಮ ಶಾಲೆಯವರು ಬುಧವಾರ ಸಂಜೆ ಪಂದ್ಯ, ತಾಲೀಮು ಯಾವುದನ್ನೂ ಇಟ್ಟುಕೊಳ್ಳುವುದಿಲ್ಲ. ಮಕ್ಕಳು ಧರ್ಮಬೋಧೆಯ ತರಗತಿಗೆ ಹೋಗುತ್ತಾರೆ, ಮನೆಯವರೆಲ್ಲ ನೆಲಮಾಳಿಗೆಯ ಉದ್ದ ಮೇಜುಗಳಲ್ಲಿ ಕೂಡಿ ಉಣ್ಣುತ್ತಾರೆ. ಈಸ್ಟರಿಗೆ ಮುಂಚಿನ ಲೆಂಟ್ ಎಂಬ ವ್ರತಕಾಲದಲ್ಲಿ ಬುಧವಾರದ ಊಟ ಬರೀ ಸೂಪು, ಬ್ರೆಡ್ಡು.

ಭಾನುವಾರದ್ದು ನನಗೆ ಬಹಳ ಹಿಡಿಸಿತು. ಬೆಳಗ್ಗೆ ಏಳಕ್ಕೆ ಮಾಂಸ, ಕ್ಯಾರೆಟ್, ಆಲೂಗಡ್ಡೆ, ಈರುಳ್ಳಿ ಎಲ್ಲವನ್ನೂ ಸ್ಲೋ ಕುಕ್ಕರಿಗೆ ಹಾಕಿ ಚರ್ಚಿಗೆ ಹೊರಟರೆ ಮಧ್ಯಾಹ್ನ ಬರುವಷ್ಟರಲ್ಲಿ ಊಟ ಸಿದ್ಧ. ಈ ಯಂತ್ರದ ಹಿಂದೆಯೂ ಒಂದು ಕಥೆಯಿದೆ. ಇದನ್ನು ರೂಪಿಸಿ 1940ರಲ್ಲಿ ಪೇಟೆಂಟ್ ಪಡೆದ ಇರ್ವಿಂಗ್ ನ್ಯಾಕ್ಸನ್ ಶಿಕಾಗೊದ ಯಹೂದಿ. ಯಹೂದಿಗಳು ಸಬ್ಬತ್ ದಿನ ಬೆಂಕಿ ಹೊತ್ತಿಸುವಂತಿಲ್ಲ. ಆದ್ದರಿಂದ ಶುಕ್ರವಾರ ಸಂಜೆಯೇ ಬೇಕರಿಯ ಆರುತ್ತಿರುವ ಒಲೆಯಲ್ಲಿ ಗಡಿಗೆ ಇಟ್ಟು, ಮರುದಿನ ತೆಗೆದು ಉಣ್ಣುವುದು ಲಿಥುವೇನಿಯದ ಹಳ್ಳಿಗಳ ರೂಢಿ. ಆತನ ತಾಯಿ ಮಗನಿಗೆ ಹೇಳಿದ ಆ ನೆನಪೇ ಈ ಯಂತ್ರದ ಮೂಲವೆಂದು ಅವರ ಮನೆಯವರು ಹೇಳುತ್ತ ಬಂದಿದ್ದಾರೆ. 1971ರಲ್ಲಿ ಕ್ರಾಕ್ ಪಾಟ್ ಎಂಬ ಹೆಸರಿನಲ್ಲಿ ಅದು ಮನೆಮನೆಗೆ ಬಂತು. ಇದನ್ನು ಹೇಳಿದಾಗ ನರ್ಸಮ್ಮ ಒಂದು ಕ್ಷಣ ಸುಮ್ಮನಿದ್ದು, "ಅಂದರೆ ಇಷ್ಟು ವರ್ಷ ನಮ್ಮ ಭಾನುವಾರವನ್ನು ನಡೆಸುತ್ತಿರುವುದು ಅವರ ಶನಿವಾರ" ಎಂದಳು.

ಸಂಜೆ ಆರಕ್ಕೆ ಎಲ್ಲರೂ ಮೇಜಿಗೆ ಬರಲೇಬೇಕು. ಫೋನುಗಳು ಬುಟ್ಟಿಗೆ. ತಟ್ಟೆ ಮುಂದಿದ್ದರೂ ಯಾರೂ ಚಮಚ ಎತ್ತುವಂತಿಲ್ಲ. ಕೈ ಜೋಡಿಸಿ ಒಂದು ಚಿಕ್ಕ ಪ್ರಾರ್ಥನೆ. ಏಸುವೇ ನಮ್ಮ ಮೇಜಿಗೆ ಅತಿಥಿಯಾಗಿ ಬಾ, ಈ ಅನ್ನವನ್ನು ಹರಸು ಎಂಬ ಅರ್ಥದ್ದು. ಮಕ್ಕಳು ಅದನ್ನು ನಾಲ್ಕು ಸೆಕೆಂಡಿನಲ್ಲಿ ಓಡಿಸುತ್ತಿದ್ದರು, ನಾವು ಶಾಲೆಯಲ್ಲಿ ಮಗ್ಗಿ ಓಡಿಸುತ್ತಿದ್ದ ಹಾಗೆ. "ಅತಿಥಿಯನ್ನು ಕರೆಯುವ ರೀತಿಯೇ ಇದು?" ಎಂದು ಆಕೆ ಗದರಿದರೆ ಐದು ಸೆಕೆಂಡು.

ಒಂದು ಸಂಜೆ, ಮಗಳಿಗೆ ಆಗ ಎಂಟು ವರ್ಷ, ನಮ್ಮ ಮನೆಯಲ್ಲಿ ತಟ್ಟೆ ಮುಂದಿಟ್ಟೆ. ಆಕೆ ಕೈಜೋಡಿಸಿಕೊಂಡು ಕೂತೇ ಇದ್ದಳು. ಏನೆಂದು ಕೇಳಿದರೆ, "ಯಾರು ಹೇಳುತ್ತಾರೆ?" ಎಂದಳು.

ಆ ಕ್ಷಣ ನನಗಾದದ್ದನ್ನು ಮುಚ್ಚಿಡುವುದಿಲ್ಲ. ಭಯವಾಯಿತು. ಯಜಮಾನರ ಮುಖವೂ ಗಂಭೀರವಾಯಿತು. ಊರಿನಿಂದ ಫೋನಿನಲ್ಲಿ ಬಂಧುವೊಬ್ಬರು, "ಅಲ್ಲೆಲ್ಲ ಮಕ್ಕಳನ್ನು ಹಾಗೇ ಸೆಳೆದುಕೊಳ್ತಾರಂತೆ, ಹುಷಾರು" ಎಂದು ಮೊದಲೇ ಹೇಳಿದ್ದರು. ಮರುದಿನ ಕ್ಲಿನಿಕ್ಕಿನಲ್ಲಿ ನರ್ಸಮ್ಮನನ್ನು ಸ್ವಲ್ಪ ಬಿಗಿಯಾಗಿಯೇ ಕೇಳಿದೆ. ಆಕೆ ಕೆಂಪಾದಳು. "ನನ್ನ ಮೇಜಿನಲ್ಲಿ ನನ್ನ ಪ್ರಾರ್ಥನೆ ಹೇಳುತ್ತೇವೆ, ಅದನ್ನು ಬಿಡಲಾರೆ. ನಿಮ್ಮ ಮೇಜಿನಲ್ಲಿ ನೀವು ಏನು ಹೇಳುತ್ತೀರಿ?" ಎಂದು ಕೇಳಿದಳು. ಅದು ವಾದವಲ್ಲ, ನಿಜವಾದ ಪ್ರಶ್ನೆಯೇ ಆಗಿತ್ತು. ನನ್ನಲ್ಲಿ ಉತ್ತರವಿರಲಿಲ್ಲ. ನಾವು ಏನನ್ನೂ ಹೇಳುತ್ತಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಆಕೆ ನನ್ನನ್ನು ಚರ್ಚಿನ ಆರಾಧನೆಗೆ ಕರೆದದ್ದು ಒಂದೇ ಸಲ, ಒಂದು ಕ್ರಿಸ್‌ಮಸ್ ಸಂಜೆ. ಬೇಡವೆಂದೆ. ಮತ್ತೆ ಕರೆಯಲಿಲ್ಲ, ಹಾಟ್‌ಡಿಶ್ ಕಳಿಸುವುದನ್ನು ನಿಲ್ಲಿಸಲೂ ಇಲ್ಲ.

ಆ ರಾತ್ರಿ ದಾವಣಗೆರೆಗೆ ಫೋನು ಮಾಡಿ ಅವ್ವನನ್ನು ಕೇಳಿದೆ: ಉಣ್ಣುವ ಮುಂಚೆ ನೀನು ಏನು ಹೇಳುತ್ತಿದ್ದೆ? ಅವ್ವ ನಕ್ಕಳು. "ಹೇಳೋದೇನವ್ವ, ಲಿಂಗಕ್ಕೆ ತೋರ್ಸಿ ಉಣ್ಣೋದು. ಅದಕ್ಕೆ ಮಾತ್ಯಾಕೆ ಬೇಕು?" ಆದರೂ ಮೊಮ್ಮಗಳಿಗೆಂದು ಒಂದು ವಚನ ಹೇಳಿಕೊಟ್ಟಳು. ಅಂದಿನಿಂದ ನಮ್ಮ ಮನೆಯಲ್ಲಿಯೂ ಟೀವಿ ಆರಿತು. ಮಗಳು ವಚನವನ್ನು ಮೂರು ಸೆಕೆಂಡಿನಲ್ಲಿ ಓಡಿಸುತ್ತಿದ್ದಳು.

ಧರ್ಮದ ವಿಚಾರದಲ್ಲಿ ನರ್ಸಮ್ಮ ಮೃದು ಸ್ವಭಾವದವಳಲ್ಲ, ತನ್ನ ಬೈಬಲ್ಲಿನ ಜೊತೆಗೇ ಜಗಳ ಆಡುವವಳು. ಜ್ಞಾನೋಕ್ತಿಗಳ 31ನೆಯ ಅಧ್ಯಾಯದಲ್ಲಿ ಆದರ್ಶ ಗೃಹಿಣಿಯ ವರ್ಣನೆಯಿದೆ. ಕತ್ತಲಿರುವಾಗಲೇ ಏಳುತ್ತಾಳೆ, ಮನೆಮಂದಿಗೆ ಊಟ ಒದಗಿಸುತ್ತಾಳೆ, ಹೊಲ ಕೊಳ್ಳುತ್ತಾಳೆ, ನೂಲುತ್ತಾಳೆ. ತಾಯಂದಿರ ದಿನ ಬಂತೆಂದರೆ ಅದರ ಮೇಲೆ ಪ್ರವಚನ. "ಅವಳಿಗೆ ದಾಸಿಯರಿದ್ದರು, ಅದೇ ವಾಕ್ಯದಲ್ಲಿದೆ, ಯಾರೂ ಗಟ್ಟಿಯಾಗಿ ಓದುವುದಿಲ್ಲ" ಎಂಬುದು ಆಕೆಯ ತಕರಾರು. ಇನ್ನೊಂದು, ಲೂಕನ ಸುವಾರ್ತೆಯ ಮಾರ್ಥಾ ಮತ್ತು ಮರಿಯಾ ಎಂಬ ಅಕ್ಕತಂಗಿಯರ ಪ್ರಸಂಗ. ಏಸು ಮನೆಗೆ ಬಂದಾಗ ಮಾರ್ಥಾ ಅಡುಗೆಯಲ್ಲಿ ಒದ್ದಾಡುತ್ತಾಳೆ, ಮರಿಯಾ ಆತನ ಪಾದದ ಬಳಿ ಕೂತು ಉಪದೇಶ ಕೇಳುತ್ತಾಳೆ. ಮರಿಯಾಳೇ ಉತ್ತಮವಾದುದನ್ನು ಆರಿಸಿಕೊಂಡಳೆಂದು ಏಸು ಹೇಳುತ್ತಾನೆ. ನರ್ಸಮ್ಮ ಜೀವಮಾನವಿಡೀ ಮಾರ್ಥಾಳ ಪಕ್ಷ. "ಉಪದೇಶ ಮುಗಿದ ಮೇಲೆ ಅಷ್ಟು ಜನ ಉಂಡದ್ದೇನು?"

ಹಾಗೆಂದು ಆಕೆಯ ಬೆನ್ನಿಗೆ ಯಾರೂ ಇಲ್ಲವೆಂದಲ್ಲ. ಮಾರ್ಟಿನ್ ಲೂಥರ್ 1522ರಲ್ಲಿ ವಿವಾಹಜೀವನದ ಕುರಿತು ಬರೆದ ಪುಸ್ತಿಕೆಯಲ್ಲಿ, ತಂದೆಯೊಬ್ಬ ಶ್ರದ್ಧೆಯಿಂದ ಮಗುವಿನ ಬಟ್ಟೆ ಒಗೆದರೆ ಲೋಕ ನಗಬಹುದು, ದೇವರೂ ದೇವದೂತರೂ ಮೆಚ್ಚುತ್ತಾರೆ ಎಂಬರ್ಥದ ಮಾತಿದೆ. ಸನ್ಯಾಸಿಯ ಜಪಕ್ಕಿಂತ ಸಂಸಾರಸ್ಥನ ದುಡಿಮೆ ಕೀಳಲ್ಲ ಎಂಬುದು ಆತನ ನಿಲುವು. ಕಾಯಕದ ಮಾತು ಕೇಳುತ್ತ ಬೆಳೆದ ನನಗೆ ಇದು ಹೊಸದೆನಿಸಲಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದ ಬಗ್ಗೆ ಆಕೆಗೆ ಹೇಳಿದೆ. ದಾಸೋಹ ಎಂಬ ಶಬ್ದವನ್ನು ಆಕೆ ಒಂದು ಚೀಟಿಯಲ್ಲಿ ಬರೆದುಕೊಂಡಳು. ಹಾಟ್‌ಡಿಶ್ ಎಂದರೆ ಅದೇ ಎಂದು ಆಕೆಯ ತೀರ್ಮಾನ.

2014ರ ಜನವರಿ. ಮಿನ್ನೆಸೋಟದವರು ಇಂದಿಗೂ ಮರೆಯದ ಚಳಿಗಾಲ. 6ನೆಯ ತಾರೀಖು ಗವರ್ನರ್ ಅವರೇ ಚಳಿಯ ಕಾರಣಕ್ಕೆ ರಾಜ್ಯದ ಎಲ್ಲ ಶಾಲೆಗಳನ್ನು ಮುಚ್ಚಿಸಿದ್ದರು. ಅದೇ ತಿಂಗಳು ಅವ್ವ ತೀರಿಕೊಂಡಳು. ನಮ್ಮಲ್ಲಿ ಸಮಾಧಿಗೆ ಮಗಳು ಅಮೆರಿಕದಿಂದ ಬರಲೆಂದು ಕಾಯುವುದಿಲ್ಲ. ಕಾಯಬೇಕೆಂದು ಕೇಳುವ ಧೈರ್ಯವೂ ನನಗಿರಲಿಲ್ಲ. ಶಿವಗಣಾರಾಧನೆಗೆ ಹೋಗಿ ಮುಟ್ಟಿದೆ, ಅಷ್ಟೇ. ಎರಡು ವಾರ ಬಿಟ್ಟು ಮರಳಿದಾಗ ಮನೆಯ ಮೆಟ್ಟಿಲ ಮೇಲೆ ಒಂದು ತಂಪುಪೆಟ್ಟಿಗೆ, ಅದರೊಳಗೆ ಮೂರು ಟ್ರೇ.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆಂಟರಿಷ್ಟರು ಅಡುಗೆ ತರುತ್ತಾರೆ ಎಂಬುದು ನಮ್ಮ ಕಡೆಯ ರೂಢಿ. ಹನ್ನೆರಡು ಸಾವಿರ ಕಿಲೋಮೀಟರಿಗೂ ಆಚೆ ಆದ ಸಾವಿಗೆ ಇಲ್ಲಿನ ನನ್ನ ಒಲೆಯನ್ನು ಯಾರು ಲೆಕ್ಕಕ್ಕಿಡುತ್ತಾರೆ ಎಂದುಕೊಂಡಿದ್ದೆ. ಚರ್ಚಿನ ಹೆಂಗಸರು ಲೆಕ್ಕಕ್ಕಿಟ್ಟಿದ್ದರು. ಮಾಂಸವಿಲ್ಲದ ಹಾಟ್‌ಡಿಶ್ ಮಾಡುವುದು ಹೇಗೆಂದು ನರ್ಸಮ್ಮ ಅವರಿಗೆಲ್ಲ ಚೀಟಿ ಹಂಚಿದ್ದಳಂತೆ: ದನದ ಎಲುಬಿನ ರಸ ಬೇಡ, ಕೋಳಿ ಕೂಡ ಮಾಂಸವೇ, ಹೌದು, ಮೀನೂ ಮಾಂಸವೇ. ಕಾಡಕ್ಕಿ, ಅಣಬೆ, ಚೀಸ್, ಜೋಳ ಹಾಕಿ ಮೂರು ವಾರ ಅವರು ಪರದಾಡಿದರು. ಒಬ್ಬ ಅಜ್ಜಿ ಹಸಿರು ಬಣ್ಣದ ಜೆಲ್ಲೊ ಸಲಾಡ್ ಕಳಿಸಿದ್ದರು. ಜೆಲಾಟಿನ್ ಯಾವುದರಿಂದ ಆಗುತ್ತದೆಂದು ವೈದ್ಯಳಾದ ನನಗೆ ಗೊತ್ತು, ಆ ಎಂಬತ್ತೆಂಟರ ಜೀವಕ್ಕೆ ಗೊತ್ತಿಲ್ಲ. ಧನ್ಯವಾದದ ಪತ್ರ ಬರೆದೆ. ಜೆಲ್ಲೊ ಏನಾಯಿತೆಂದು ಬರೆಯಲಿಲ್ಲ.

ಟ್ರೇ ತೊಳೆಯುವಾಗ ಗಮನಿಸಿದೆ, ಪ್ರತಿಯೊಂದರ ತಳದಲ್ಲೂ ಮಾಸ್ಕಿಂಗ್ ಟೇಪಿನ ತುಂಡು, ಅದರ ಮೇಲೆ ಮನೆಯವರ ಹೆಸರು. ಚರ್ಚಿನ ಅಡುಗೆಮನೆಯಲ್ಲಿ ಎಲ್ಲರ ಟ್ರೇಯೂ ಒಂಬತ್ತು ಇಂಚು, ಹದಿಮೂರು ಇಂಚಿನದೇ. ಹೆಸರಿಲ್ಲದಿದ್ದರೆ ಅದಲುಬದಲಾಗುತ್ತದೆ. ನನಗೆ ಅವ್ವನ ಸ್ಟೀಲ್ ಪಾತ್ರೆಗಳು ನೆನಪಾದವು, ಕಂಠದ ಕೆಳಗೆ ಚುಕ್ಕಿಚುಕ್ಕಿಯಾಗಿ ಕೊರೆಸಿದ ಹೆಸರು, ಮದುವೆಯ ತಾರೀಖು. ನೆರೆಮನೆಯವರು ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸಬಾರದು ಎಂದು ಅವ್ವ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕಳಿಸುತ್ತಿದ್ದಳು. ನಾನೂ ಪ್ರತಿ ಟ್ರೇಗೂ ಒಂದಿಷ್ಟು ಸಕ್ಕರೆ ಹಾಕಿ ಕಳಿಸಿದೆ. ಆ ಸಂಜೆಯೇ ನರ್ಸಮ್ಮನ ಫೋನು: "ಟ್ರೇಯಲ್ಲಿ ಸಕ್ಕರೆ ಇದೆ, ಮೂವರು ನನ್ನನ್ನು ಕೇಳಿದರು. ಇದನ್ನು ಏನು ಮಾಡಬೇಕು?" ವಿವರಿಸಿದೆ. ಅಂದಿನಿಂದ ನನ್ನ ಡಬ್ಬಿಗಳು ಆಕೆಯ ಮನೆಯಿಂದ ಬರುವಾಗ ಒಳಗೆ ನಾಲ್ಕು ಸಕ್ಕರೆ ಅಚ್ಚು ಇರುತ್ತವೆ.

2018ರ ಸೆಪ್ಟೆಂಬರಿನಲ್ಲಿ ಆಕೆಯ ಗಂಡನಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ಗೊತ್ತಾಯಿತು. ಅಷ್ಟರಲ್ಲಾಗಲೇ ಅದು ಯಕೃತ್ತಿಗೆ ಹಬ್ಬಿತ್ತು. ಅವರು ನನ್ನ ರೋಗಿಯಲ್ಲ. ಆದರೆ ವರದಿಯನ್ನು ಮೊದಲು ಓದಿಸಿಕೊಂಡದ್ದು ನನ್ನಿಂದ, ಔಷಧದ ಕೋಣೆಯ ಬಾಗಿಲು ಹಾಕಿಕೊಂಡು. ಆಕೆ ನರ್ಸ್. ಯಾವ ಶಬ್ದಕ್ಕೆ ಎಷ್ಟು ತಿಂಗಳೆಂದು ಆಕೆಗೆ ಹೇಳಬೇಕಾಗಿರಲಿಲ್ಲ. "ಕೊಯ್ಲು ಇನ್ನೂ ಆಗಿಲ್ಲ" ಎಂದಳು ಮೊದಲು. ಅಕ್ಟೋಬರಿನ ಒಂದು ಶನಿವಾರ ನೆರೆಯ ರೈತರು ತಮ್ಮ ಕೊಯ್ಲು ಯಂತ್ರಗಳನ್ನು ತಂದು ಅವರ ಹೊಲವನ್ನು ಒಂದೇ ದಿನದಲ್ಲಿ ಕೊಯ್ದು ಕೊಟ್ಟರು.

ಊಟದ ಸರದಿ ಪಟ್ಟಿ ಮರುವಾರವೇ ಶುರು. ಈ ಸಲ ನನ್ನ ಹೆಸರೂ ಅದರಲ್ಲಿತ್ತು, ಗುರುವಾರಕ್ಕೆ. ಏನು ಒಯ್ಯುವುದು? ಹಾಟ್ ಎಂದರೆ ಬಿಸಿ, ಹಾಗಾಗಿ ಬಿಸಿಬೇಳೆಬಾತು. ಇಲ್ಲಿ ಕರಿಮೆಣಸೇ ಖಾರದ ಪರಮಾವಧಿ, ಅದಕ್ಕೆ ಮೆಣಸಿನಕಾಯಿಯನ್ನು ಎಂಟರಿಂದ ಎರಡಕ್ಕೆ ಇಳಿಸಿದೆ, ಹುಣಸೆಯನ್ನೂ ತಗ್ಗಿಸಿದೆ. ಅವ್ವ ಕಂಡಿದ್ದರೆ ಒಪ್ಪುತ್ತಿರಲಿಲ್ಲ. ಒಂಬತ್ತು, ಹದಿಮೂರು ಇಂಚಿನ ಟ್ರೇಯಲ್ಲಿ ತುಂಬಿ, ತಳಕ್ಕೆ ಟೇಪು ಅಂಟಿಸಿ ಹೆಸರು ಬರೆದೆ. ಎಂಟು ವರ್ಷದ ಕಿರಿಯ ಹುಡುಗ ಅದನ್ನು ದಿಟ್ಟಿಸಿ ನೋಡಿ, ಫ್ರೀಜರಿನಿಂದ ಟೇಟರ್ ಟಾಟ್ಸ್ ತಂದು, ಸಾಲಾಗಿ ಮೇಲೆ ಜೋಡಿಸಿ ಒಲೆಗೆ ಇಟ್ಟ. ಖಾರಾ ಬೂಂದಿಯ ಜಾಗದಲ್ಲಿ ಕೂತ ಆ ಆಲೂಗಡ್ಡೆ ಕೆಟ್ಟದಾಗಿರಲಿಲ್ಲ ಎಂಬುದನ್ನು ನಾನು ಒಪ್ಪಲೇಬೇಕು.

ಡಿಸೆಂಬರಿನಲ್ಲಿ ಆಕೆ ಸರದಿಯ ಪಟ್ಟಿಯಿಂದ ಮಂಗಳವಾರವನ್ನೂ ಭಾನುವಾರವನ್ನೂ ತೆಗೆಸಿಹಾಕಿದಳು. ಹೆಂಗಸರಿಗೆ ನೋವಾಯಿತು. ನಾನೂ ಆಕೆಯದು ಹಟವೆಂದುಕೊಂಡೆ. ಕೀಮೋಥೆರಪಿಗೆ ರಾಚೆಸ್ಟರಿಗೆ ಓಡಾಟ, ಕ್ಲಿನಿಕ್ಕು, ನಾಲ್ಕು ಮಕ್ಕಳು, ಮೇಲೆ ಅಡುಗೆ ಬೇರೆ ಯಾಕೆ? ಕೇಳಲೆಂದೇ ಒಂದು ಸಂಜೆ ಹೋದೆ. ಆಕೆ ನೆಲಮಾಳಿಗೆಯಲ್ಲಿ, ಫ್ರೀಜರಿನ ಮುಚ್ಚಳ ತೆರೆದು ನಿಂತಿದ್ದಳು. ತಣ್ಣನೆಯ ಹೊಗೆ ಮುಖಕ್ಕೆ ಬರುತ್ತಿತ್ತು. ತಿರುಗದೆಯೇ ಹೇಳಿದಳು: "ಸೆಪ್ಟೆಂಬರಿನಿಂದ ನನಗೆ ಪ್ರಾರ್ಥನೆ ಬರುತ್ತಿಲ್ಲ. ಬೆಳಗ್ಗೆ ಪುಸ್ತಕ ತೆರೆಯುತ್ತೇನೆ, ಅಕ್ಷರ ಕಾಣುತ್ತವೆ, ಅಷ್ಟೇ. ಮೇಜಿನಲ್ಲಿ ಮಕ್ಕಳು ಹೇಳುತ್ತಾರೆ, ನಾನು ತುಟಿ ಆಡಿಸುತ್ತೇನೆ. ಅಡುಗೆ ಮಾತ್ರ ಬರುತ್ತದೆ. ಅದನ್ನೂ ಅವರು ಒಯ್ದುಬಿಟ್ಟರೆ ನನ್ನ ಕೈಯಲ್ಲಿ ಏನೂ ಉಳಿಯುವುದಿಲ್ಲ, ಡಾಕ್ಟರ್."

ಸಾಂತ್ವನದ ಮಾತು ವೈದ್ಯರಿಗೆ ಅಭ್ಯಾಸವಾಗಿಬಿಟ್ಟಿರುತ್ತದೆ. ಅಂದು ನನಗೆ ಒಂದೂ ಬಾಯಿಗೆ ಬರಲಿಲ್ಲ. ಏನು ಹುಡುಕುತ್ತಿದ್ದೀ ಎಂದು ಕೇಳಿದೆ. ಎಳೆಜೋಳ ಎಂದಳು. ಇಬ್ಬರೂ ಹುಡುಕಿದೆವು.

ಇದನ್ನೇ ಆಕೆ ತನ್ನ ಪಾಸ್ಟರಿಗೂ ಹೇಳಿದಳಂತೆ. ಆ ಪಾಸ್ಟರ್ ಹೆಂಗಸು. ಅಮೆರಿಕದ ಲೂಥರನ್ನರಲ್ಲಿ ಈ ಪಂಗಡದ ಪೂರ್ವಜರು 1970ರಿಂದಲೇ ಹೆಂಗಸರಿಗೆ ದೀಕ್ಷೆ ಕೊಡುತ್ತ ಬಂದಿದ್ದಾರೆ. ಆಕೆ ಉಪದೇಶ ಮಾಡಲಿಲ್ಲ. "ನಿನ್ನ ಪಾಲಿನದನ್ನು ನಾವು ಹೇಳುತ್ತಿರುತ್ತೇವೆ, ನಿನಗೆ ಬಂದಾಗ ಸೇರಿಕೋ" ಎಂದರಂತೆ. ಅದು ಊಟದ ಸರದಿಯ ಹಾಗೆಯೇ ಇದೆಯಲ್ಲ ಎಂದು ನನಗನ್ನಿಸಿತು.

ಮೇದೋಜೀರಕದ ಕ್ಯಾನ್ಸರ್ ಹಸಿವೆಯನ್ನು ಕಸಿಯುತ್ತದೆ. ಜಿಂಕೆ ಹೊಡೆದು ತರುತ್ತಿದ್ದ ಆರಡಿಯ ಆಳು ಫೆಬ್ರವರಿಯ ಹೊತ್ತಿಗೆ ಎರಡು ಚಮಚಕ್ಕೆ ಇಳಿದಿದ್ದರು. ಆಗ ನರ್ಸಮ್ಮ ಮಾಡುತ್ತಿದ್ದುದು ತನ್ನ ಅಜ್ಜಿಯ ನಾರ್ವೆಯ ಅಕ್ಕಿ ಗಂಜಿ. ಹಾಲಿನಲ್ಲಿ ಅಕ್ಕಿಯನ್ನು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕದಡುತ್ತ ಬೇಯಿಸಿ, ಮೇಲೆ ಬೆಣ್ಣೆ, ಸಕ್ಕರೆ, ದಾಲ್ಚಿನ್ನಿ ಪುಡಿ. ಡಬ್ಬವಿಲ್ಲ, ಯಂತ್ರವಿಲ್ಲ. ಬಿಟ್ಟರೆ ತಳ ಹಿಡಿಯುತ್ತದೆ, ನಿಂತೇ ಇರಬೇಕು. ಆಕೆ ಹಾಗೆ ಒಲೆಯ ಮುಂದೆ ನಿಂತದ್ದನ್ನು ನೋಡಿದಾಗ ಅವ್ವ ನೆನಪಾದಳು. ಯಾಕೆಂದು ನಾನಾಗ ಯೋಚಿಸಲಿಲ್ಲ. ಅವರು ಎರಡು ಚಮಚ ತಿನ್ನುತ್ತಿದ್ದರು, ಉಳಿದದ್ದನ್ನು ಮಕ್ಕಳು ಹಂಚಿಕೊಳ್ಳುತ್ತಿದ್ದರು.

2019ರ ಏಪ್ರಿಲಿನಲ್ಲಿ, ಈಸ್ಟರಿಗೆ ಎರಡು ವಾರ ಮುಂಚೆ, ಅವರು ಮನೆಯಲ್ಲೇ ತೀರಿಕೊಂಡರು. ಅಂತ್ಯಕ್ರಿಯೆಯ ಊಟ ಚರ್ಚಿನ ನೆಲಮಾಳಿಗೆಯಲ್ಲಿ. ಹ್ಯಾಮ್ ಸ್ಯಾಂಡ್‌ವಿಚ್, ಹಾಟ್‌ಡಿಶ್, ಕಾಫಿ. ಮಾಂಸವಿಲ್ಲದ ಒಂದು ಟ್ರೇ ಪ್ರತ್ಯೇಕವಾಗಿ, ಅದರ ಮುಂದೆ ನನ್ನ ಹೆಸರಿನ ಚೀಟಿ. ಅಂಥ ದಿನ ಅದನ್ನು ನೆನಪಿಟ್ಟವರು ಯಾರೆಂದು ವಿಚಾರಿಸಿದೆ. ಬೆಳಗ್ಗೆ ಐದಕ್ಕೆ ಎದ್ದು ನರ್ಸಮ್ಮನೇ ಮಾಡಿ ತಂದಿದ್ದಳು.

ಮುಂದಿನ ಭಾನುವಾರಗಳಲ್ಲಿ ಆಕೆ ಬಹಳ ಕಾಲ ಆರು ಜನರ ಅಳತೆಗೇ ಸ್ಲೋ ಕುಕ್ಕರ್ ತುಂಬುತ್ತಿದ್ದಳು. ಕೈ ಅಳತೆ ಬದಲಾಗುವುದಿಲ್ಲ ಎನ್ನುತ್ತಿದ್ದಳು. ಉಳಿಯುವ ಆ ಒಂದು ಪಾಲು ಸೋಮವಾರ ಆಕೆಯ ಊಟದ ಡಬ್ಬಿಯಲ್ಲಿ ಕ್ಲಿನಿಕ್ಕಿಗೆ ಬರುತ್ತಿತ್ತು. ಮರುವರ್ಷ ಕೋವಿಡ್ ಬಂದು ಚರ್ಚು ಮುಚ್ಚಿದಾಗ ಟ್ರೇಗಳು ಮೆಟ್ಟಿಲಿಂದ ಮೆಟ್ಟಿಲಿಗೆ ಓಡಾಡಿದವು. ಕ್ಲಿನಿಕ್ಕಿನ ನಮಗೂ ಬಂದವು. ಪ್ರಾರ್ಥನೆ ಮತ್ತೆ ಬಂತೇ ಎಂದು ನಾನಾಗಿ ಕೇಳಿರಲಿಲ್ಲ. ಈ ಬರಹಕ್ಕೆ ಒಪ್ಪಿಗೆ ಕೇಳುವಾಗ ಕೇಳಿದೆ. "ಬಂತು. ಯಾವತ್ತೆಂದು ಗೊತ್ತಿಲ್ಲ. ಒಂದು ದಿನ ಮೇಜಿನಲ್ಲಿ ತುಟಿ ಆಡಿಸುವಾಗ ಧ್ವನಿಯೂ ಇತ್ತು" ಎಂದಳು. ಬಳಿಕ, "ಮೊದಲಿನ ಹಾಗಿಲ್ಲ" ಎಂದೂ ಸೇರಿಸಿದಳು. ಅದರ ಮುಂದೆ ನಾನು ಕೇಳಲಿಲ್ಲ.

ಈಗ ಆಕೆಯ ಮೇಜಿನಲ್ಲಿ ಇಬ್ಬರೇ, ಆಕೆ ಮತ್ತು ಕಿರಿಯ ಮಗ. ಬೆಳಗ್ಗೆ ಬೈಬಲ್ಲಿಗೆ ಈಗ ನಿಜವಾಗಿಯೂ ಹತ್ತು ನಿಮಿಷ ಸಿಗುತ್ತದಂತೆ, ಅದೇ ಒಂದು ದೂರು. ನನ್ನ ಮಗಳು ಬಾಸ್ಟನ್ನಿನಲ್ಲಿ ಕೆಲಸದಲ್ಲಿದ್ದಾಳೆ. ಕಳೆದ ಚಳಿಗಾಲದಲ್ಲಿ ಆಕೆಯ ಜತೆ ಇರುವ ಹುಡುಗಿಯ ತಂದೆ ಹಠಾತ್ತಾಗಿ ತೀರಿಕೊಂಡರು. ರಾತ್ರಿ ಹತ್ತಕ್ಕೆ ಮಗಳ ಫೋನು ಬಂತು. "ಅಮ್ಮ, ಅವಳಿಗೆ ಏನಾದರೂ ಮಾಡಿ ಕೊಡಬೇಕು." ಅನ್ನ ಸಾರು ಮಾಡು, ಹಗುರವಾಗಿರುತ್ತದೆ, ಎಂದೆ. ತುಸು ಹೊತ್ತು ಸುಮ್ಮನಿದ್ದು ಹೇಳಿದಳು: "ಅಲ್ಲಮ್ಮ, ಟೇಟರ್ ಟಾಟ್ಸ್‌ದು. ಮಾಂಸ ಇಲ್ಲದ್ದು. ನಿನಗೆ ಬರುತ್ತಾ?"

ನನಗೆ ಬರುವುದಿಲ್ಲ. ನರ್ಸಮ್ಮನಿಗೆ ಫೋನು ಮಾಡು ಎಂದೆ, ಮುಕ್ಕಾಲು ಐದಕ್ಕೆ ಎದ್ದಿರುತ್ತಾಳೆ.